ತಜ್ಞರ ಉತ್ತರ: ಕಾಲೇಜಿನ ಸಲಹಾ ಸಮಿತಿಯಲ್ಲಿ ಕುಳಿತವರು ಕೇಳಬೇಕಾದ ಪ್ರಶ್ನೆಗಳು

ಪ್ರಶ್ನೆ: ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯ ಆಹಾರ ಸಂಸ್ಕರಣಾ ಕಾರ್ಖಾನೆಯೊಂದರಲ್ಲಿ ನಾನು ಯಂತ್ರ ನಿರ್ವಹಣಾ ವಿಭಾಗದ ಮುಖ್ಯಸ್ಥ. ಇಲ್ಲಿನ ಕಮ್ಯುನಿಟಿ ಕಾಲೇಜು (ಊರಿನವರಿಗೆ ಮುಖ್ಯವಾಗಿ ಎರಡು ವರ್ಷದ ಪದವಿ, ವೃತ್ತಿ ತರಬೇತಿ ಕೊಡುವ ಸಾರ್ವಜನಿಕ ಕಾಲೇಜು) ತನ್ನ ಸಲಹಾ ಸಮಿತಿಗೆ ನನ್ನನ್ನು ಸೇರಿಸಿಕೊಂಡಿದೆ. ಮೊದಲ ಸಭೆಯಲ್ಲೇ ಕೈಗಾರಿಕಾ ಯಾಂತ್ರೀಕರಣದಲ್ಲಿ ಹೊಸ ಪದವಿಯೊಂದನ್ನು ಆರಂಭಿಸುವ ಪ್ರಸ್ತಾವ ಬಂತು. ಈ ಭಾಗದಲ್ಲಿ ಬೇಡಿಕೆ ಬಹಳ ಇದೆ ಎನ್ನುವ ವರದಿಯನ್ನು ತೋರಿಸಿ, ಬೆಂಬಲ ಪತ್ರಕ್ಕೆ ಸಹಿ ಮಾಡಿಕೊಡುವಂತೆ ಕೇಳಿದರು. ನನಗೆ ಜನ ಸಿಗುತ್ತಿಲ್ಲ ಎಂಬುದು ನಿಜ. ಆದರೆ ಈ ಪದವಿಯಿಂದ ಸಿಗುತ್ತಾರೆಯೇ ಎಂಬುದು ಗೊತ್ತಿಲ್ಲ. ಶಿಕ್ಷಣ ಕ್ಷೇತ್ರದ ಅನುಭವವೂ ನನಗಿಲ್ಲ. ನಾನು ಏನನ್ನು ನೋಡಬೇಕು, ಏನು ಹೇಳಬೇಕು?

ಉತ್ತರ:

ಪತ್ರಕ್ಕೆ ಈಗಲೇ ಸಹಿ ಹಾಕಬೇಡಿ. ಪ್ರಸ್ತಾವ ತಪ್ಪೆಂದು ಹೀಗೆ ಹೇಳುತ್ತಿಲ್ಲ. ನಿಮ್ಮ ಸಹಿಗೆ ನೀವು ತಿಳಿದಿರುವುದಕ್ಕಿಂತ ಹೆಚ್ಚು ತೂಕವಿದೆ. ಅದನ್ನು ನಂಬಿ ಯಾರೋ ಒಬ್ಬರು ರಾತ್ರಿ ಪಾಳಿಯ ಕೆಲಸ ಬಿಟ್ಟು ತರಗತಿಗೆ ಬಂದು ಕೂರುತ್ತಾರೆ. ಕಮ್ಯುನಿಟಿ ಕಾಲೇಜುಗಳ ವೃತ್ತಿಶಿಕ್ಷಣ ವಿಭಾಗದಲ್ಲಿ ನಾನು ಬಹಳ ವರ್ಷ ದುಡಿದಿದ್ದೇನೆ. ಚೆನ್ನಾಗಿ ನಡೆದ ಕೋರ್ಸುಗಳನ್ನೂ ಸೋತ ಕೋರ್ಸುಗಳನ್ನೂ ಹತ್ತಿರದಿಂದ ಕಂಡಿದ್ದೇನೆ. ಎರಡರಲ್ಲೂ ಬೇಡಿಕೆಯ ವರದಿ ಸೊಗಸಾಗಿಯೇ ಇತ್ತು. ಕೊನೆಗೆ ವ್ಯತ್ಯಾಸವಾದದ್ದು ಎರಡು ಕಡೆ. ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಕಾಲೇಜು ಕಣ್ಣಾರೆ ನೋಡಿತ್ತೇ ಎಂಬುದು ಒಂದು, ಜನ ಬೇಕು ಎಂದ ಉದ್ಯಮಗಳು ಕೈಯಿಂದ ಏನಾದರೂ ಕೊಟ್ಟಿದ್ದವೇ ಎಂಬುದು ಇನ್ನೊಂದು.

ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಈ ಕಾಲೇಜುಗಳು ಊರಿಗೆ ಅಂಟಿಕೊಂಡೇ ಹುಟ್ಟಿದವು. ಇಲಿನಾಯ್‌ನ ಜೋಲಿಯೆಟ್ ಜೂನಿಯರ್ ಕಾಲೇಜು 1901ರಲ್ಲಿ ಆರಂಭವಾಯಿತು. ಇಂದಿಗೂ ನಡೆಯುತ್ತಿರುವ ಸಾರ್ವಜನಿಕ ಕಮ್ಯುನಿಟಿ ಕಾಲೇಜುಗಳಲ್ಲಿ ಅದೇ ಹಳೆಯದು. ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗದ 1947ರ ವರದಿಯಿಂದ ‘ಕಮ್ಯುನಿಟಿ ಕಾಲೇಜು’ ಎಂಬ ಹೆಸರು ಜನಜನಿತವಾಯಿತು. ಇಲ್ಲಿ ಓದುವ ಹೆಚ್ಚಿನವರು ಓದು ಮುಗಿದ ಮೇಲೂ ಊರು ಬಿಡುವುದಿಲ್ಲ. ಮನೆ, ಮಕ್ಕಳು, ವಯಸ್ಸಾದ ತಂದೆತಾಯಿ ಎಲ್ಲರೂ ಅಲ್ಲೇ ಇರುತ್ತಾರೆ. ಆದ್ದರಿಂದ ಪದವಿಗೂ ಊರಿನ ಕೆಲಸಕ್ಕೂ ಹೊಂದಿಕೆಯಾಗದಿದ್ದರೆ ಅವರಿಗೆ ಬೇರೆ ಊರಿನ ದಾರಿ ಇರುವುದಿಲ್ಲ.

ಕಾನೂನು ಇದನ್ನು ಗುರುತಿಸಿದೆ. ವೃತ್ತಿ ಕೋರ್ಸೊಂದನ್ನು ಆರಂಭಿಸುವ ಮುನ್ನ ಆ ಭಾಗದ ಉದ್ಯೋಗ ಮಾರುಕಟ್ಟೆಯ ಅಧ್ಯಯನ ನಡೆಸಬೇಕು ಎನ್ನುತ್ತದೆ ಕ್ಯಾಲಿಫೋರ್ನಿಯಾ ಶಿಕ್ಷಣ ಸಂಹಿತೆಯ 78015ನೇ ವಿಧಿ. ಕೋರ್ಸಿಗೆ ಬೇಡಿಕೆ ಇದೆಯೇ, ಬೇರೆ ಕಡೆ ಇರುವುದನ್ನೇ ಅನಗತ್ಯವಾಗಿ ಮತ್ತೆ ಕಲಿಸುತ್ತಿದೆಯೇ, ಓದಿ ಮುಗಿಸಿದವರಿಗೆ ಕೆಲಸ ಸಿಗುತ್ತಿದೆಯೇ ಎಂದು ಎರಡು ವರ್ಷಕ್ಕೊಮ್ಮೆ ಪರಿಶೀಲಿಸಬೇಕು ಎನ್ನುವುದು 78016ನೇ ವಿಧಿ. ವೃತ್ತಿಶಿಕ್ಷಣಕ್ಕೆಂದು ಒಕ್ಕೂಟ ಸರ್ಕಾರ ಕೊಡುವ ಪರ್ಕಿನ್ಸ್ ಅನುದಾನ ಪಡೆಯುವ ಕಾಲೇಜು ಕೂಡ 2018ರ ತಿದ್ದುಪಡಿಯ ಪ್ರಕಾರ ಎರಡು ವರ್ಷಕ್ಕೊಮ್ಮೆ ಸ್ಥಳೀಯ ಅಗತ್ಯಗಳ ಸಮಗ್ರ ಅಂದಾಜು ಮಾಡಲೇಬೇಕು. ಅಂದರೆ ಸಭೆಯಲ್ಲಿ ನೀವು ಪ್ರಶ್ನೆ ಕೇಳಿದರೆ ಅದು ಅಡ್ಡಿಪಡಿಸಿದಂತಲ್ಲ. ನಿಮ್ಮನ್ನು ಕರೆದಿರುವುದೇ ಅದಕ್ಕಾಗಿ.

ಈಗ ಆ ವರದಿಯ ವಿಷಯ. ಅದರಲ್ಲಿ ‘ವಾರ್ಷಿಕ ಹುದ್ದೆ ಅವಕಾಶಗಳು’ ಎಂಬ ದೊಡ್ಡ ಸಂಖ್ಯೆಯೊಂದು ಇದ್ದೇ ಇರುತ್ತದೆ. ಆ ಸಂಖ್ಯೆ ಬೇಡಿಕೆಯ ಬೆಳವಣಿಗೆಯನ್ನಷ್ಟೇ ತೋರಿಸುವುದಿಲ್ಲ. ಹೊಸದಾಗಿ ಹುಟ್ಟುವ ಹುದ್ದೆಗಳ ಜೊತೆಗೆ ನಿವೃತ್ತರಾಗುವವರ ಜಾಗವೂ, ಆ ವೃತ್ತಿ ಬಿಟ್ಟು ಬೇರೆ ವೃತ್ತಿಗೆ ಹೋಗುವವರ ಜಾಗವೂ ಅದರಲ್ಲಿ ಸೇರಿರುತ್ತದೆ. ಲೆಕ್ಕಕ್ಕೆಂದು ನಾನೇ ಒಂದು ಉದಾಹರಣೆ ಕಟ್ಟುತ್ತೇನೆ. ವರದಿಯಲ್ಲಿ 300 ಅವಕಾಶ ಎಂದಿದೆ ಎನ್ನೋಣ. ಅದರಲ್ಲಿ ಹೊಸ ಹುದ್ದೆ 30, ಉಳಿದವು ಬಿಟ್ಟುಹೋದವರ ಜಾಗ. ಈ 300ರಲ್ಲಿ ಐದು ವರ್ಷದ ಅನುಭವ ಕೇಳುವ ಹುದ್ದೆಗಳನ್ನು ತೆಗೆದುಹಾಕಿದರೆ ಹೊಸಬರಿಗೆ ಉಳಿಯುವುದು 90. ಸುತ್ತಲಿನ ಮೂರು ಕಾಲೇಜುಗಳಿಂದ ವರ್ಷಕ್ಕೆ 50 ಮಂದಿ ಈಗಾಗಲೇ ಹೊರಬರುತ್ತಿದ್ದರೆ ಉಳಿದ ಕೊರತೆ 40. ಆ 40ರಲ್ಲಿ ಸಂಸಾರ ಸಾಗಿಸುವಷ್ಟು ಸಂಬಳ ಕೊಡುವ ಹುದ್ದೆ ಎಷ್ಟು? ಮುನ್ನೂರರಿಂದ ಹೊರಟ ಲೆಕ್ಕ 24 ವಿದ್ಯಾರ್ಥಿಗಳ ಒಂದೇ ಒಂದು ತಂಡಕ್ಕೆ ಬಂದು ನಿಲ್ಲಬಹುದು. ಒಂದು ತಂಡವೂ ಸಣ್ಣದಲ್ಲ, ಒಳ್ಳೆಯ ಕೋರ್ಸಿಗೆ ಅಷ್ಟು ಸಾಕು. ಆದರೆ 300ರ ಕನಸಿನಲ್ಲಿ ಪ್ರಯೋಗಾಲಯ ಕಟ್ಟುವುದು ಬೇರೆ, 24 ಮಂದಿಗೆ ಕಟ್ಟುವುದು ಬೇರೆ.

ಅದೇ ವರದಿಯಲ್ಲಿ ಇನ್ನೊಂದು ಕಡೆ ಜನ ಎಡವುತ್ತಾರೆ. ಕೋರ್ಸುಗಳಿಗೊಂದು ಸಂಕೇತ ಪಟ್ಟಿ ಇದೆ, ವೃತ್ತಿಗಳಿಗೆ ಇನ್ನೊಂದು. ಎರಡನ್ನೂ ಜೋಡಿಸುವ ಕೋಷ್ಟಕದ ಮೇಲೆ ಇಡೀ ಲೆಕ್ಕ ನಿಂತಿರುತ್ತದೆ. ಒಂದು ಕೋರ್ಸಿಗೆ ಐದಾರು ವೃತ್ತಿಗಳನ್ನು ಜೋಡಿಸಿಬಿಟ್ಟರೆ ಬೇಡಿಕೆ ತಾನಾಗಿಯೇ ಉಬ್ಬುತ್ತದೆ. ಯಾವ ಯಾವ ವೃತ್ತಿಗಳನ್ನು ಸೇರಿಸಿದ್ದೀರಿ ಎಂದು ಕೇಳಿ ಆ ಪಟ್ಟಿಯನ್ನು ನೀವೇ ಓದಿ. ಅವುಗಳಲ್ಲಿ ಯಾವುದಕ್ಕೆ ಈ ಪದವೀಧರರನ್ನು ತೆಗೆದುಕೊಳ್ಳುತ್ತೀರಿ, ಯಾವುದಕ್ಕೆ ಇಲ್ಲ ಎಂಬುದು ನಿಮಗೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಆ ಕೋಣೆಯಲ್ಲಿ ಬೇರೆ ಯಾರಿಗೂ ಅಷ್ಟು ಸ್ಪಷ್ಟವಾಗಿ ಗೊತ್ತಾಗುವುದಿಲ್ಲ. ಇನ್ನು ಆನ್‌ಲೈನ್ ಜಾಹೀರಾತುಗಳನ್ನು ಎಣಿಸಿದ ಪುಟಗಳು. ಒಂದೇ ಹುದ್ದೆಯನ್ನು ಹಲವು ತಾಣಗಳಲ್ಲಿ ಹಾಕುತ್ತಾರೆ, ಕೆಲವನ್ನು ಮುಖ್ಯ ಕಚೇರಿಯ ವಿಳಾಸಕ್ಕೆ ಹಾಕುತ್ತಾರೆ. ಪರಿಚಯದ ಮೇಲೆ ಜನ ಸೇರಿಸಿಕೊಳ್ಳುವ ಸಣ್ಣ ಕಾರ್ಯಾಗಾರಗಳು ಜಾಹೀರಾತನ್ನೇ ಕೊಡುವುದಿಲ್ಲ.

ಅಂಕಿಅಂಶಗಳು ಯಾವಾಗಲೂ ಹಿಗ್ಗಿಸಿಯೇ ಹೇಳುತ್ತವೆ ಎಂದುಕೊಳ್ಳಬೇಡಿ. ಕೆಲವೊಮ್ಮೆ ಹಿಂದೆ ಬೀಳುತ್ತವೆ. ವಾಷಿಂಗ್ಟನ್ ರಾಜ್ಯದ ವಾಲಾ ವಾಲಾ ಕಮ್ಯುನಿಟಿ ಕಾಲೇಜು 2000ದ ಸುಮಾರಿಗೆ ದ್ರಾಕ್ಷಿ ಬೇಸಾಯ ಮತ್ತು ವೈನ್ ತಯಾರಿಕೆಯ ಕೋರ್ಸನ್ನು ಆರಂಭಿಸಿತು. ಇಂದು ನೂರು ದಾಟಿರುವ ಆ ಕಣಿವೆಯ ವೈನರಿಗಳು ಅಂದು ಅದರ ಅರ್ಧದಷ್ಟೂ ಇರಲಿಲ್ಲ. ಬರೀ ಜಾಹೀರಾತು ಎಣಿಸಿದ್ದರೆ ಆ ಕೋರ್ಸು ಹುಟ್ಟುತ್ತಲೇ ಇರಲಿಲ್ಲ. ಬೆಳೆಗಾರರ ಜೊತೆ ಕುಳಿತು ಮುಂದೆ ಏನು ಬರುತ್ತಿದೆ ಎಂದು ಕಾಲೇಜು ಕೇಳಿಕೊಂಡಿತು. ವಿದ್ಯಾರ್ಥಿಗಳೇ ವೈನ್ ತಯಾರಿಸಿ ಮಾರುವ ಘಟಕವೊಂದು ಅಲ್ಲಿ ಕಾಲೇಜಿನ ಭಾಗವಾಗಿಯೇ ನಡೆಯುತ್ತಿದೆ.

ಇದಕ್ಕಿಂತ ಮುಖ್ಯವಾದ ಭಾಗ ಮುಂದಿನದು. ಉದ್ಯಮದವರನ್ನು ಕರೆದು ‘ನಿಮಗೆ ಎಂಥ ಪದವೀಧರರು ಬೇಕು’ ಎಂದು ಕೇಳುವುದು ರೂಢಿ. ‘ಸಮಸ್ಯೆ ಬಿಡಿಸುವವರು, ಸಂವಹನ ಬಲ್ಲವರು, ತಂಡದಲ್ಲಿ ಬೆರೆಯುವವರು’ ಎಂಬ ಉತ್ತರವೂ ರೂಢಿಯದೇ. ಅದರಿಂದ ಒಂದು ಪಾಠವನ್ನೂ ಬರೆಯಲಾಗುವುದಿಲ್ಲ. ಇದಕ್ಕೆ ಡೇಕಮ್ ಎಂಬ ಹಳೆಯ, ಗಟ್ಟಿಯಾದ ವಿಧಾನವೊಂದಿದೆ. 1960ರ ದಶಕದಲ್ಲಿ ಕೆನಡಾದಲ್ಲಿ ರೂಪುಗೊಂಡು, ಮುಂದೆ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಮೂಲಕ ಹರಡಿದ್ದು. ಆ ಕೆಲಸವನ್ನು ದಿನವೂ ಚೆನ್ನಾಗಿ ಮಾಡುವ ಐದರಿಂದ ಹನ್ನೆರಡು ಮಂದಿಯನ್ನು ಸುಮಾರು ಎರಡು ದಿನ ಒಂದು ಕೋಣೆಯಲ್ಲಿ ಕೂರಿಸುತ್ತಾರೆ. ಅವರು ಮಾಡುವ ಒಂದೊಂದು ಕೆಲಸವನ್ನೂ ಒಂದೊಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸುತ್ತಾರೆ. ಸಂಜೆಯ ಹೊತ್ತಿಗೆ ವೃತ್ತಿ ಇಡಿಯಾಗಿ ಗೋಡೆಯ ಮೇಲೆ ಹರಡಿಕೊಂಡಿರುತ್ತದೆ.

ಅಂಥದೊಂದು ಕೋಣೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಟೊಮೆಟೊ ಸಂಸ್ಕರಣಾ ಘಟಕದಲ್ಲಿ ಹದಿನೈದು ವರ್ಷ ದುಡಿದ ತಂತ್ರಜ್ಞರೊಬ್ಬರು ನನ್ನ ಎದುರು ಕುಳಿತಿದ್ದರು. ಹಂಗಾಮಿನಲ್ಲಿ ಆ ಘಟಕ ಹಗಲುರಾತ್ರಿ ಓಡುತ್ತದೆ. ರಾತ್ರಿ ಎರಡು ಗಂಟೆಗೆ ಸಾಗಣೆ ಬೆಲ್ಟ್ ನಿಂತರೆ ಮೊದಲು ಏನು ಮಾಡುತ್ತೀರಿ ಎಂದು ಅವರನ್ನು ಕೇಳಲಾಯಿತು. ಪಿಎಲ್‌ಸಿ ಎಂಬ, ಯಂತ್ರಗಳನ್ನು ನಡೆಸುವ ಕಂಪ್ಯೂಟರ್ ನಿಯಂತ್ರಕಕ್ಕೆ ಲ್ಯಾಪ್‌ಟಾಪ್ ಜೋಡಿಸುತ್ತೇನೆ ಎನ್ನುತ್ತಾರೆಂದು ನಾನು ಕಾದೆ. ‘ಮೊದಲು ಹಿಂದಿನ ಪಾಳಿಯವರು ಬರೆದಿಟ್ಟ ಪುಸ್ತಕ ಓದುತ್ತೇನೆ’ ಎಂದರು. ಆಮೇಲೆ, ಹಬೆ ಕೂತು ಮಸುಕಾಗಿರುವ ಸೆನ್ಸರ್ ಗಾಜನ್ನು ಬಟ್ಟೆಯಿಂದ ಒರೆಸುತ್ತೇನೆ, ಅರ್ಧದಷ್ಟು ಸಲ ಅಲ್ಲಿಗೇ ಮುಗಿಯುತ್ತದೆ ಎಂದರು. ಮುಗಿಯದಿದ್ದರೆ ವಿದ್ಯುತ್ ಕಡಿದು, ಸ್ವಿಚ್ಚಿಗೆ ಬೀಗ ಹಾಕಿ, ತನ್ನ ಹೆಸರಿನ ಚೀಟಿ ಕಟ್ಟಿದ ಮೇಲೆಯೇ ಒಳಗೆ ಕೈ ಹಾಕುವುದು. ಲ್ಯಾಪ್‌ಟಾಪಿನ ಮಾತು ಬಂದದ್ದು ಅದರ ನಂತರ. ಕೊನೆಗೆ ಅವರೇ ಸೇರಿಸಿದರು: ‘ಹೆಚ್ಚಿನ ರಾತ್ರಿಗಳಲ್ಲಿ ಆ ಪುಸ್ತಕದಲ್ಲಿ ಸರಿಪಡಿಸಲಾಗಿದೆ ಎಂಬ ಒಂದೇ ಪದ ಇರುತ್ತದೆ. ಏನನ್ನು, ಹೇಗೆ ಎಂದು ಯಾರೂ ಬರೆದಿರುವುದಿಲ್ಲ.’

ನಮ್ಮ ಕರಡು ಪಠ್ಯಕ್ರಮದಲ್ಲಿ ಪಿಎಲ್‌ಸಿ ಪ್ರೋಗ್ರಾಮಿಂಗ್‌ಗೆ ಮೂರು ಕೋರ್ಸುಗಳಿದ್ದವು, ಪಾಳಿ ವರದಿ ಬರೆಯುವುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಮೂರರಲ್ಲಿ ಒಂದನ್ನು ಕೈಬಿಟ್ಟೆವು. ದೋಷ ಹುಡುಕುವ ಕ್ರಮಕ್ಕೆಂದೇ ಒಂದು ಪ್ರಯೋಗಾಲಯ ಬಂತು. ಇಂಗ್ಲಿಷ್ ಅಧ್ಯಾಪಕಿಯೊಬ್ಬರು ತಾವಾಗಿಯೇ ಮುಂದೆ ಬಂದು ಪಾಳಿ ವರದಿಯನ್ನು ತಮ್ಮ ಬರವಣಿಗೆ ತರಗತಿಯ ಅಭ್ಯಾಸಕ್ಕೆ ಸೇರಿಸಿಕೊಂಡರು. ವೃತ್ತಿ ಪದವಿಯಲ್ಲಿ ಸಾಮಾನ್ಯ ಶಿಕ್ಷಣದ ವಿಷಯಗಳು ದಂಡ ಎನ್ನುವವರು ಬಹಳ ಇದ್ದಾರೆ. ಮುಂದಿನ ಪಾಳಿಯವನಿಗೆ ಅರ್ಥವಾಗುವಂತೆ ನಾಲ್ಕು ಸಾಲು ಬರೆಯಬಲ್ಲವನೇ ಮೇಲ್ವಿಚಾರಕನಾಗುವುದನ್ನು ನೋಡಿದವನು ನಾನು, ಆ ಮಾತನ್ನು ಒಪ್ಪುವುದಿಲ್ಲ.

ಹಾಗಾಗಿ ಡೇಕಮ್ ಆಗಿದೆಯೇ ಎಂದು ಸಭೆಯಲ್ಲಿ ಕೇಳಿ. ಆಗಿಲ್ಲವಾದರೆ ನಿಮ್ಮ ಅತ್ಯುತ್ತಮ ತಂತ್ರಜ್ಞರೊಬ್ಬರನ್ನು ಎರಡು ದಿನ ಸಂಬಳ ಸಹಿತ ಕಳುಹಿಸುತ್ತೇನೆ ಎನ್ನಿ. ಬೆಂಬಲ ಪತ್ರಕ್ಕಿಂತ ಇದು ಹೆಚ್ಚು ಬೆಲೆಬಾಳುತ್ತದೆ.

ಇನ್ನು ಕೈಯಿಂದ ಕೊಡುವ ಮಾತು. ಕೆಂಟಕಿಯ ಜಾರ್ಜ್‌ಟೌನ್‌ನಲ್ಲಿ ಟೊಯೊಟಾ ಕಾರ್ಖಾನೆ 2010ರಲ್ಲಿ ಅಲ್ಲಿನ ಕಮ್ಯುನಿಟಿ ಕಾಲೇಜಿನ ಜೊತೆ ಸೇರಿ, ಮುಂದೆ ಫೇಮ್ ಎಂದು ಹೆಸರಾದ ವ್ಯವಸ್ಥೆಯನ್ನು ಕಟ್ಟಿತು. ವಿದ್ಯಾರ್ಥಿಗೆ ವಾರದಲ್ಲಿ ಎರಡು ದಿನ ತರಗತಿ, ಮೂರು ದಿನ ಕಾರ್ಖಾನೆಯಲ್ಲಿ ಸಂಬಳದ ಕೆಲಸ. ಓದಿನ ಕೊನೆಗೆ ಅಸೋಸಿಯೇಟ್ ಪದವಿ, ಅಂದರೆ ಎರಡು ವರ್ಷದ ಪದವಿ ಸಿಗುತ್ತದೆ. ಸಂಬಳ ಸಿಗುವುದರಿಂದ ಕೆಲಸಕ್ಕಾಗಿ ಓದು ಬಿಡುವ ಸಂಕಟ ಇರುವುದಿಲ್ಲ. ಸುತ್ತಲಿನ ಬೇರೆ ಬೇರೆ ತಯಾರಕರೂ ಸೇರಿಕೊಂಡು ತಲಾ ಕೆಲವು ವಿದ್ಯಾರ್ಥಿಗಳನ್ನು ತೆಗೆದುಕೊಂಡರು. ಒಂದೇ ಕಂಪನಿಯ ಹಣೆಬರಹಕ್ಕೆ ಕೋರ್ಸು ತಗಲಿಹಾಕಿಕೊಳ್ಳಲಿಲ್ಲ. ನಿಮ್ಮ ಕಣಿವೆಯಲ್ಲಿ ಹಾಲಿನ ಘಟಕಗಳಿವೆ, ಬಾದಾಮಿ ಘಟಕಗಳಿವೆ, ಗೋದಾಮುಗಳಿವೆ, ನೀರು ಸರಬರಾಜು ಸಂಸ್ಥೆಗಳಿವೆ. ಎಲ್ಲದರಲ್ಲೂ ಓಡುವುದು ಅವೇ ಮೋಟಾರುಗಳು, ಅವೇ ಪಂಪುಗಳು, ಅವೇ ನಿಯಂತ್ರಕಗಳು. ಸಮಿತಿಯಲ್ಲಿ ಇವರೆಲ್ಲ ಇದ್ದಾರೆಯೇ ಎಂದು ನೋಡಿ.

ಉದ್ಯಮ ಕೈ ಜೋಡಿಸದಿದ್ದರೆ ನಿಜವಾದ ಬೇಡಿಕೆಯೂ ವ್ಯರ್ಥವಾಗುತ್ತದೆ ಎಂಬುದಕ್ಕೆ ನರ್ಸಿಂಗ್ ಸಾಕ್ಷಿ. ಅಲ್ಲಿ ಬೇಡಿಕೆಯ ಬಗ್ಗೆ ಯಾರಿಗೂ ಅನುಮಾನವಿಲ್ಲ, ಸೀಟಿಗಾಗಿ ಕಾಯುವ ವಿದ್ಯಾರ್ಥಿಗಳೂ ಇದ್ದಾರೆ. ಆದರೆ ಆಸ್ಪತ್ರೆಯ ವಾರ್ಡಿನಲ್ಲಿ ತರಬೇತಿಯ ಜಾಗ ಸಿಗದೆ ಸೀಟು ಹೆಚ್ಚಿಸಲಾಗುವುದಿಲ್ಲ. ಆಸ್ಪತ್ರೆಯ ಸಂಬಳ ಬಿಟ್ಟು ಕಾಲೇಜಿನ ಸಂಬಳಕ್ಕೆ ಕಲಿಸಲು ಬರುವ ನರ್ಸ್ ಸಿಗುವುದಿಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ ಎಂದು ಕೊರಗುವ ಕ್ಷೇತ್ರಗಳ ನಡುವೆ ಇಲ್ಲಿ ಹಲ್ಲೂ ಇದೆ, ಕಡಲೆಯೂ ಇದೆ, ಎರಡನ್ನೂ ಸೇರಿಸುವ ಜಾಗವೇ ಇಲ್ಲ. ನಿಮ್ಮ ಕ್ಷೇತ್ರಕ್ಕೂ ಇದೇ ಪ್ರಶ್ನೆ ಅನ್ವಯಿಸುತ್ತದೆ. ಪಿಎಲ್‌ಸಿ ಬಲ್ಲವರನ್ನು ನೀವೇ ಒಳ್ಳೆಯ ಸಂಬಳಕ್ಕೆ ಇಟ್ಟುಕೊಂಡಿರುವಾಗ ಕಲಿಸುವವರು ಯಾರು? ಸಂಜೆಯ ಒಂದು ಕೋರ್ಸನ್ನು ಕಲಿಸಲು ನಿಮ್ಮ ಎಂಜಿನಿಯರೊಬ್ಬರನ್ನು ಬಿಟ್ಟುಕೊಡಬಲ್ಲಿರಾ ಎಂದು ಕಾರ್ಖಾನೆಯಲ್ಲಿ ವಿಚಾರಿಸಿ, ಉತ್ತರವನ್ನು ಹಿಡಿದುಕೊಂಡೇ ಸಭೆಗೆ ಹೋಗಿ.

ನನ್ನ ಕೈಯಿಂದಲೇ ಕೆಟ್ಟ ಕೋರ್ಸೊಂದರ ಕಥೆಯನ್ನೂ ಹೇಳಬೇಕು. ಹಲವು ವರ್ಷಗಳ ಹಿಂದೆ, ಬೇರೊಂದು ರಾಜ್ಯದಲ್ಲಿ, ಸೌರಫಲಕ ತಯಾರಿಸುವ ಕಂಪನಿಯೊಂದು ತನಗೆ ತಂತ್ರಜ್ಞರು ಬೇಕು ಎಂದಿತು. ಉತ್ಸಾಹದಿಂದ ಓಡಾಡಿದವನು ನಾನೇ. ಅವರ ಯಂತ್ರದಂಥದೇ ಯಂತ್ರ ತರಿಸಿದೆವು, ಕೋರ್ಸುಗಳಿಗೂ ಅವರ ಉತ್ಪನ್ನದ ಹೆಸರನ್ನೇ ಹೋಲುವ ಹೆಸರಿಟ್ಟೆವು. ಪಠ್ಯಕ್ರಮಕ್ಕೆ ಒಪ್ಪಿಗೆ ಸಿಕ್ಕಿ ಮೊದಲ ತಂಡ ಮುಗಿಸುವಷ್ಟರಲ್ಲಿ ಕಂಪನಿ ಆ ಘಟಕವನ್ನೇ ಮುಚ್ಚಿತು. ಹತ್ತೊಂಬತ್ತು ಮಂದಿ ಓದಿ ಮುಗಿಸಿದ್ದರು. ಅವರಲ್ಲಿ ಇಬ್ಬರು ಮಕ್ಕಳ ತಾಯಿಯೊಬ್ಬರು ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿ, ಪ್ರಮಾಣಪತ್ರವನ್ನು ಚಾಚಿ, ‘ಇದನ್ನು ಬೇರೆ ಯಾರು ಒಪ್ಪುತ್ತಾರೆ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರು ಕಲಿತದ್ದರಲ್ಲಿ ನಿರ್ವಾತ ಪಂಪು, ಮೋಟಾರು ನಿಯಂತ್ರಣ, ಅಳತೆಯ ನಿಖರತೆ ಎಲ್ಲವೂ ಇತ್ತು. ಆದರೆ ಆ ಕಾಗದದಲ್ಲಿ ಅದ್ಯಾವುದೂ ಕಾಣುತ್ತಿರಲಿಲ್ಲ. ಅಂದಿನಿಂದ ಕೋರ್ಸಿನ ಹೆಸರಲ್ಲಿ ಉತ್ಪನ್ನ ಇರಕೂಡದು, ಕೌಶಲ ಇರಬೇಕು ಎಂದು ಹಟ ಹಿಡಿಯುತ್ತೇನೆ. ಮೂರು ಬೇರೆ ಬೇರೆ ಉದ್ದಿಮೆಗಳು ಈ ಪ್ರಮಾಣಪತ್ರವನ್ನು ಒಪ್ಪುತ್ತವೆಯೇ ಎಂದು ಕೇಳುವ ಅಭ್ಯಾಸವೂ ಅಂದಿನದೇ.

ಈಗ ಪದವಿಯ ಮಟ್ಟ. ನೀವು ಬರೆದದ್ದನ್ನು ನೋಡಿದರೆ ಬಹುಶಃ ನಾಲ್ಕು ವರ್ಷದ ಬ್ಯಾಚುಲರ್ ಪದವಿಯ ಮಾತೇ ನಡೆಯುತ್ತಿದೆ. ಕ್ಯಾಲಿಫೋರ್ನಿಯಾದಲ್ಲಿ 2014ರ ಕಾನೂನಿನಿಂದ ಹದಿನೈದು ಕಾಲೇಜುಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಈ ವ್ಯವಸ್ಥೆಯನ್ನು 2021ರಲ್ಲಿ ಎಬಿ 927 ಎಂಬ ರಾಜ್ಯ ಕಾನೂನು ಕಾಯಂ ಮಾಡಿತು. ವರ್ಷಕ್ಕೆ ಗರಿಷ್ಠ 30 ಹೊಸ ಪದವಿಗಳಿಗೆ ಒಪ್ಪಿಗೆ ಕೊಡಬಹುದು. ಬೇಕರ್ಸ್‌ಫೀಲ್ಡ್ ಕಾಲೇಜಿನ ಕೈಗಾರಿಕಾ ಯಾಂತ್ರೀಕರಣ ಪದವಿ ಆ ಮೊದಲ ಹದಿನೈದರಲ್ಲಿ ಒಂದು. ಅಲ್ಲಿಗೆ ಒಮ್ಮೆ ಹೋಗಿ ಬನ್ನಿ. ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಇರುವ ಪದವಿಯನ್ನು ಕಮ್ಯುನಿಟಿ ಕಾಲೇಜು ಮತ್ತೆ ಕೊಡುವಂತಿಲ್ಲ ಎಂಬ ನಿಯಮವೂ ಇದೆ. ಫೆದರ್ ರಿವರ್ ಕಾಲೇಜಿನ ಕಾಡ್ಗಿಚ್ಚು ನಿರ್ವಹಣೆಯ ಪದವಿಯ ಬಗ್ಗೆ ರಾಜ್ಯ ವಿಶ್ವವಿದ್ಯಾಲಯ ವ್ಯವಸ್ಥೆ ಆಕ್ಷೇಪಿಸಿದ್ದು ಇದೇ ಕಾರಣಕ್ಕೆ.

ವಿದ್ಯಾರ್ಥಿಗೆ ಇದು ಅಗ್ಗ ಎಂಬುದು ನಿಜ. ಮೊದಲ ಎರಡು ವರ್ಷದ ಕೆಳಹಂತದಲ್ಲಿ, ಓದಿನ ಅಳತೆಯಾದ ಯೂನಿಟ್‌ಗೆ 46 ಡಾಲರ್, ಮೇಲಿನ ಹಂತದಲ್ಲಿ ಅದರ ಮೇಲೆ 84 ಡಾಲರ್. ತಲಾ 60 ಯೂನಿಟ್ ಎಂದುಕೊಂಡರೆ ನಾಲ್ಕು ವರ್ಷದ ಬೋಧನಾ ಶುಲ್ಕ 10,560 ಡಾಲರ್. ಆದರೆ ನಾನು ಕೇಳುವುದು ನಿಮ್ಮನ್ನು: ಅಸೋಸಿಯೇಟ್ ಪದವಿ ಇರುವವರಿಗಿಂತ ಬ್ಯಾಚುಲರ್ ಪದವಿ ಇರುವವರಿಗೆ ನಿಮ್ಮ ಕಾರ್ಖಾನೆ ಗಂಟೆಗೆ ಎಷ್ಟು ಹೆಚ್ಚು ಕೊಡುತ್ತದೆ? ಬೇರೆ ಹುದ್ದೆ ಕೊಡುತ್ತದೆಯೇ? ಇಬ್ಬರೂ ಒಂದೇ ಬೆಂಚಿನಲ್ಲಿ ಒಂದೇ ಸಂಬಳಕ್ಕೆ ನಿಲ್ಲುವುದಾದರೆ ಆ ಎರಡು ವರ್ಷಗಳನ್ನು ವಿದ್ಯಾರ್ಥಿಯಿಂದ ಕೇಳಲು ನಮಗೆ ಹಕ್ಕಿಲ್ಲ. ನಿಮ್ಮಲ್ಲಿ ಮೇಲ್ವಿಚಾರಕರ, ಯೋಜನಾ ಎಂಜಿನಿಯರರ ಕೊರತೆ ಇದ್ದರೆ ಮಾತು ಬೇರೆ. ನನ್ನ ಅನಿಸಿಕೆ ಕೇಳಿದರೆ, ಮೊದಲು ಸಣ್ಣ ಪ್ರಮಾಣಪತ್ರ, ಅದರ ಯೂನಿಟ್‌ಗಳು ಒಂದೂ ಕಳೆಯದೆ ಅಸೋಸಿಯೇಟ್ ಪದವಿಗೆ, ಅಲ್ಲಿಂದ ಬ್ಯಾಚುಲರ್‌ಗೆ, ಹೀಗೆ ಮೆಟ್ಟಿಲಾಗಿ ಕಟ್ಟಿದ್ದು ಒಳ್ಳೆಯದು. ಮಧ್ಯೆ ನಿಲ್ಲಬೇಕಾಗಿ ಬಂದವರ ಕೈಯಲ್ಲೂ ಏನಾದರೂ ಇರುತ್ತದೆ. ಹತ್ತಿರದ ವಿಶ್ವವಿದ್ಯಾಲಯ ಈ ಯೂನಿಟ್‌ಗಳನ್ನು ಒಪ್ಪುತ್ತದೆ ಎಂಬುದಕ್ಕೆ ಲಿಖಿತ ಒಪ್ಪಂದ ಇದೆಯೇ ಎಂದು ಕೇಳಿ. ಬಾಯಿಮಾತಿನ ಭರವಸೆ ಸಾಲದು.

ಕಿರು ಅವಧಿಯ ಕೋರ್ಸುಗಳ ಮಾತೂ ಸಭೆಯಲ್ಲಿ ಬರುತ್ತದೆ. 2025ರ ಒಕ್ಕೂಟ ಕಾನೂನು ಎಂಟರಿಂದ ಹದಿನೈದು ವಾರದೊಳಗಿನ ತರಬೇತಿಗೂ 2026ರ ಜುಲೈನಿಂದ, ಕಡಿಮೆ ಆದಾಯದ ವಿದ್ಯಾರ್ಥಿಗಳಿಗೆ ಕೊಡುವ ಪೆಲ್ ಅನುದಾನವನ್ನು ವಿಸ್ತರಿಸುತ್ತದೆ. ಶೇ 70ರಷ್ಟು ಮಂದಿ ಮುಗಿಸಬೇಕು, ಶೇ 70ರಷ್ಟು ಮಂದಿಗೆ ಕೆಲಸ ಸಿಗಬೇಕು ಎಂಬ ಷರತ್ತು ಇದೆ. ಷರತ್ತು ಒಳ್ಳೆಯದು. ಆದರೆ ಹತ್ತು ವಾರದಲ್ಲಿ ನಿಮ್ಮ ಯಂತ್ರದ ದೋಷ ಹುಡುಕುವವರು ತಯಾರಾಗುವುದಿಲ್ಲ, ಅದು ಮೊದಲ ಮೆಟ್ಟಿಲು ಮಾತ್ರ.

ಕೋರ್ಸು ಆರಂಭವಾದ ಮೇಲೆ ನಿಮ್ಮ ಕೆಲಸ ಮುಗಿಯುವುದಿಲ್ಲ. ಓದಿ ಮುಗಿಸಿದವರು ಎಲ್ಲಿದ್ದಾರೆ ಎಂದು ತಿಳಿಯಲು ಕಾಲೇಜು ಹೆಚ್ಚಾಗಿ ನಿರುದ್ಯೋಗ ವಿಮೆಯ ಸಂಬಳ ದಾಖಲೆಗಳನ್ನು ನೆಚ್ಚುತ್ತದೆ. ಆ ದಾಖಲೆಯಲ್ಲಿ ಸಂಬಳ ಇರುತ್ತದೆ, ಹುದ್ದೆ ಇರುವುದಿಲ್ಲ. ನಿಮ್ಮ ಕಾರ್ಖಾನೆಯಲ್ಲಿ ಪದವೀಧರನೊಬ್ಬ ಯಂತ್ರ ಸರಿಪಡಿಸುತ್ತಿದ್ದಾನೋ, ಪೆಟ್ಟಿಗೆ ಎತ್ತುತ್ತಿದ್ದಾನೋ ಅದಕ್ಕೆ ಗೊತ್ತಾಗದು. ಸ್ವಂತ ಉದ್ಯೋಗ ಮಾಡುವವರೂ ರಾಜ್ಯ ಬಿಟ್ಟವರೂ ಅದರಲ್ಲಿ ಕಾಣುವುದಿಲ್ಲ. ಈ ಕೊರತೆ ತುಂಬಲು ರಾಜ್ಯದಲ್ಲಿ ಪದವೀಧರರ ಸಮೀಕ್ಷೆಯೊಂದು ನಡೆಯುತ್ತದೆ. ‘ನಿಮ್ಮ ಕೆಲಸಕ್ಕೂ ಓದಿಗೂ ಸಂಬಂಧವಿದೆಯೇ’ ಎಂಬ ಪ್ರಶ್ನೆ ಅದರಲ್ಲಿದೆ. ಪ್ರತಿ ವರ್ಷ ಆ ಉತ್ತರವನ್ನು ಸಮಿತಿಯ ಮುಂದಿಡುವಂತೆ ಕೇಳಿ. ನಿಮ್ಮ ಕಡೆಯಿಂದ, ಈ ಕೋರ್ಸಿನಿಂದ ಬಂದ ಎಷ್ಟು ಮಂದಿಯನ್ನು ಸಂದರ್ಶಿಸಿದಿರಿ, ಎಷ್ಟು ಮಂದಿಯನ್ನು ತೆಗೆದುಕೊಂಡಿರಿ, ಬೇಡವೆಂದವರನ್ನು ಯಾಕೆ ಬೇಡವೆಂದಿರಿ ಎಂಬುದನ್ನು ಬರೆದುಕೊಂಡು ಹೋಗಿ. ಆ ‘ಯಾಕೆ’ ಎಂಬುದಕ್ಕೆ ಉತ್ತರ ಸಿಕ್ಕಿದರೆ ಅಧ್ಯಾಪಕರು ಮುಂದಿನ ಅವಧಿಗೇ ಒಂದು ಪಾಠ ಬದಲಿಸಬಲ್ಲರು. ಸಿಗದಿದ್ದರೆ ಹತ್ತು ವರ್ಷ ಅದನ್ನೇ ಕಲಿಸುತ್ತಾರೆ, ತಪ್ಪು ಅವರದಾಗಿರುವುದಿಲ್ಲ.

ಮುಂದಿನ ಸಭೆಗೆ ಹೋಗುವಾಗ ನಿಮ್ಮ ರಾತ್ರಿ ಪಾಳಿಯ ದಾಖಲೆ ಪುಸ್ತಕದ ಕಳೆದ ಮೂರು ತಿಂಗಳ ಪುಟಗಳನ್ನು, ಕಂಪನಿಯ ಅನುಮತಿ ಪಡೆದು, ನಕಲು ಮಾಡಿಸಿಕೊಂಡು ಹೋಗಿ. ಡೀನ್‌ಗೆ ಕೊಡುವುದಕ್ಕಿಂತ ಕೋರ್ಸು ಕಲಿಸಲಿರುವ ಅಧ್ಯಾಪಕರ ಕೈಗೆ ಕೊಡಿ. ಒಂದು ರಾತ್ರಿ ಕಾರ್ಖಾನೆಗೆ ಬನ್ನಿ ಎಂದೂ ಅವರನ್ನು ಕರೆಯಿರಿ. ಅವರು ಬಂದು ಹೋದ ಮೇಲೆ ಪ್ರಸ್ತಾವದಲ್ಲಿ ಏನು ಬದಲಾಯಿತು ಎಂದು ನೋಡಿ, ಆಗ ಪತ್ರಕ್ಕೆ ಸಹಿ ಹಾಕಿ. ಎಷ್ಟು ಮಂದಿಯನ್ನು, ಯಾವ ಹುದ್ದೆಗೆ, ಯಾವ ಸಂಬಳಕ್ಕೆ ಸಂದರ್ಶಿಸುತ್ತೀರಿ ಎಂಬುದನ್ನೂ ಆ ಪತ್ರದಲ್ಲೇ ಬರೆಯಿರಿ.